ದೊಡ್ಡವ್ವ ಮುಕ್ಕಾಲು ಗಂಟೆ ಸತ್ತಿದ್ದು

ನಾನು ಮಲಗುವಾಗ ಎರಡು ಕಾಲುಗಳನ್ನು ಜೋಡಿಸಿ ಇಡುವುದಿಲ್ಲ. ಒಂದು ಮೊಳದಷ್ಟು ಅಂತರ ಬಿಟ್ಟೇ ಮಲಗುತ್ತೇನೆ. ನನ್ನ ಹೆಂಡತಿಗೆ ಇದು ಸರಿ ಕಾಣುವುದಿಲ್ಲ. ಮೂವತ್ತು ವರ್ಷ ನೆಟ್ಟಗೆ ಮಲಗುತ್ತಿದ್ದ ಮನುಷ್ಯ ರಿಟೈರ್ ಆದ ಮೇಲೆ ಹೀಗೆ ಅರ್ಧ ಮಂಚ ಆಕ್ರಮಿಸಿಕೊಂಡರೆ ಯಾರಿಗಾದರೂ ಬೇಸರವೇ. "ರಕ್ತ ಚೆನ್ನಾಗಿ ಓಡಾಡುತ್ತೆ" ಎಂದು ಹೇಳಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಾದ್ದರಿಂದ ಇಂಥ ಮಾತುಗಳನ್ನು ನಾನು ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ. ರಾಮನಗರದಲ್ಲಿ ನನ್ನ ಹಳೇ ವಿದ್ಯಾರ್ಥಿಗಳು ಎಷ್ಟೋ ಜನ ಇದ್ದಾರೆ, ಅವರೂ ನಂಬಿದ್ದರು.

ನಿಜವಾದ ಕಾರಣ ನನ್ನ ದೊಡ್ಡವ್ವ.

ನಮ್ಮ ಕಡೆ ಯಾರಾದರೂ ಸತ್ತರೆ ಮೊದಲು ಮಾಡುವ ಕೆಲಸ, ಎರಡೂ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಬಟ್ಟೆಯ ಚೂರಿನಿಂದ ಕಟ್ಟುವುದು. ಹೊರಗೆ ಹೋದ ಜೀವ ಮನಸ್ಸು ಬದಲಾಯಿಸಿ ವಾಪಸು ಬಂದರೆ ಎದ್ದು ನಡೆಯದಿರಲಿ ಎಂದು ನಮ್ಮಜ್ಜಿ ಇದಕ್ಕೆ ಕಾರಣ ಕೊಡುತ್ತಿದ್ದಳು. ದೇಹ ಸೆಟೆದುಕೊಳ್ಳುವ ಮೊದಲು ಕಾಲು ನೆಟ್ಟಗಿರಲಿ ಎಂಬುದು ನಾನು ಕೊಡುವ ಕಾರಣ. ದೊಡ್ಡವ್ವನ ಕಾಲು ಕಟ್ಟಿದಾಗ ಎರಡು ಕಾರಣಗಳೂ ಉಪಯೋಗಕ್ಕೆ ಬರಲಿಲ್ಲ. ಏಕೆಂದರೆ ಆಕೆ ಬದುಕಿದ್ದಳು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಹೆಸರು ಹೊಂಬಾಳಮ್ಮ. ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಲ್ಲಿ ಹುಟ್ಟಿ, ಕನಕಪುರದಿಂದಲೂ ಆಚೆಗಿರುವ ಉಯ್ಯಂಬಳ್ಳಿಗೆ ಸೊಸೆಯಾಗಿ ಹೋದವಳು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ನಂಜೇಶ, ಸೊಸೆ, ಒಂದಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ, ಎರಡು ಸೀಮೆಹಸು. ಆಕೆ ಮಾತಾಡುವುದು ಕಡಿಮೆ, ಆಡಿದರೆ ಇದ್ದದ್ದನ್ನು ಇದ್ದಂತೆಯೇ ಆಡುತ್ತಾಳೆ. ನನಗೆ ಹೆಣ್ಣು ಕೊಡಲು ಬಂದವರು "ಹುಡುಗ ಹೆಂಗೆ?" ಎಂದು ಈಕೆಯನ್ನು ಕೇಳಿದ್ದರು. "ಒಳ್ಳೇನು. ಒಸಿ ಸೋಮಾರಿ" ಎಂದಿದ್ದಳು. ಅವರು ಅದನ್ನು ತಮಾಷೆ ಎಂದುಕೊಂಡು ಹೆಣ್ಣು ಕೊಟ್ಟರು. ಅದು ತಮಾಷೆಯಲ್ಲ ಎಂದು ನನ್ನ ಹೆಂಡತಿಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಒಂದು ಬೆಳಿಗ್ಗೆ ನಂಜೇಶನ ಫೋನು ಬಂತು. "ಅಣ್ಣ, ಅವ್ವ ಓಗ್ಬುಡ್ತು" ಎಂದ. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಹಾಗೇ ಕುಸಿದಳಂತೆ. ಊರಿನಲ್ಲಿ ಹಿಂದೆ ಕಾಂಪೌಂಡರ್ ಆಗಿದ್ದವರೊಬ್ಬರು ಬಂದು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ತಲೆಯಾಡಿಸಿದರಂತೆ.

ನಾನು ಹೂವಿನ ಹಾರ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ದೊಡ್ಡ ಹಾರ, ಗುಲಾಬಿಯದ್ದು. ಸಾವಿನ ಮನೆಗೆ ಹೋಗುವಾಗ ಫೋನನ್ನು ಸೈಲೆಂಟ್ ಮಾಡಿಕೊಳ್ಳುವುದು ನಾನು ರೂಢಿಸಿಕೊಂಡಿರುವ ಒಂದು ಶಿಸ್ತು. ಕನಕಪುರದಲ್ಲಿ ಬಸ್ಸು ಬದಲಾಯಿಸಿ ಕಿಟಕಿಯ ಪಕ್ಕ ಕೂತು, ದೊಡ್ಡವ್ವನ ಕೈಯಲ್ಲಿ ತಿಂದ ಅವರೆಕಾಳಿನ ಸಾರು, ಉಪ್ಪಿಟ್ಟು ಎಲ್ಲವನ್ನೂ ನೆನೆದು ಕಣ್ಣೀರಿಟ್ಟೆ. ಪಕ್ಕದಲ್ಲಿ ಕೂತವರು ಹಾರವನ್ನು ನೋಡಿ ಸೀಟಿನಲ್ಲಿ ಜಾಗ ಬಿಟ್ಟುಕೊಟ್ಟರು. ಫೋನಿನಲ್ಲಿ ಹನ್ನೊಂದು ಮಿಸ್ಡ್ ಕಾಲ್ ಬಂದದ್ದು ನನಗೆ ಗೊತ್ತಿರಲಿಲ್ಲ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ತಮಟೆಯವರು ಒಂದು ಪಕ್ಕದಲ್ಲಿ ಕೂತು ಟೀ ಕುಡಿಯುತ್ತಿದ್ದರು. ಜನ ಇತ್ತು, ಆದರೆ ಅಳು ಇರಲಿಲ್ಲ. ದೊಡ್ಡವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅದರಲ್ಲಿ ವಿಶೇಷವೇನಿಲ್ಲ, ನಮ್ಮಲ್ಲಿ ಹೆಣವನ್ನು ಹಾಗೇ ಕೂರಿಸುತ್ತಾರೆ. ವಿಶೇಷವೆಂದರೆ ಆಕೆಯ ಕೈಯಲ್ಲಿ ಕಾಫಿ ಲೋಟ ಇತ್ತು.

ನಾನು ಹಾರ ಹಿಡಿದುಕೊಂಡು ಅಂಗಳದ ನಡುವೆ ನಿಂತೆ. ದೊಡ್ಡವ್ವ ನನ್ನನ್ನೂ ಹಾರವನ್ನೂ ನೋಡಿದಳು.

"ಯಾರಿಗ್ಲಾ ಅದು?" ಎಂದು ಕೇಳಿದಳು.

"ನಿನಗೇ" ಎಂದೆ.

"ಅಲ್ಲಿಡು. ಬಿಸ್ಲಿಂದ ಬಂದಿದ್ದೀಯ, ನೀರು ಕುಡಿ."

ಆಮೇಲೆ ನಂಜೇಶ ಎಲ್ಲವನ್ನೂ ಹೇಳಿದ. ಕಾಲು ಕಟ್ಟಿ, ಮೂಗಿಗೆ ಹತ್ತಿ ಇಡಲು ಹೊರಟಾಗ, ಯಾರೋ ಮೊದಲು ಬಾಯಿಗೆ ಹಾಲು ಬಿಡೋಣ ಎಂದರಂತೆ. ಮಗ, ಸೊಸೆ, ನಾದಿನಿ, ಓರಗಿತ್ತಿ ಒಬ್ಬೊಬ್ಬರೇ ಒಂದೊಂದು ಚಮಚ ಬಿಟ್ಟರು. ಬದುಕಿದ್ದಾಗ ಶುಗರ್ ಎಂದು ಸಿಹಿಯನ್ನೇ ಮುಟ್ಟಗೊಡಲಿಲ್ಲವಲ್ಲ ಎಂಬ ಸಂಕಟಕ್ಕೆ ಸೊಸೆ ಆ ಹಾಲಿಗೆ ನಾಲ್ಕು ಚಮಚ ಸಕ್ಕರೆ ಕಲಸಿದ್ದಳು. ಹತ್ತು ಹದಿನೈದು ಜನ ಬಿಡುವಷ್ಟರಲ್ಲಿ, ಅಂದರೆ ಕುಸಿದು ಮುಕ್ಕಾಲು ಗಂಟೆಯಾದ ಮೇಲೆ, ದೊಡ್ಡವ್ವ ಕೆಮ್ಮಿದಳು. ಹತ್ತಿರವಿದ್ದವರು ಅಂಗಳಕ್ಕೆ ಹಾರಿದರು. ಕಾಂಪೌಂಡರ್ ಎಲ್ಲರಿಗಿಂತ ದೂರ ಹೋದರು. ದೊಡ್ಡವ್ವ ಕಣ್ಣು ಬಿಟ್ಟು, "ಸಕ್ರೆ ಯಾರಾಕ್ದೋರು? ನಂಗೆ ಶುಗರ್ ಐತೆ ಅಂತ ಗೊತ್ತಿಲ್ವಾ?" ಎಂದಳಂತೆ. ಸತ್ತು ಎದ್ದವರ ಮೊದಲ ಮಾತು ಹೀಗಿರುತ್ತದೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಸಂಜೆ ನಾನೂ ನಂಜೇಶನೂ ಕನಕಪುರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಹಿಂದಿನ ರಾತ್ರಿ ಸರಿಯಾಗಿ ಉಣ್ಣದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದಳು. ರಕ್ತದಲ್ಲಿ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಿದೆ, ಸಕ್ಕರೆ ಹಾಲು ಬಾಯಿಗೆ ಬಿದ್ದು ಒಂದಿಷ್ಟು ಒಳಗೆ ಹೋಗಿದೆ, ಅದು ಗಂಟಲಿಗೆ ಸಿಕ್ಕಿಕೊಳ್ಳದೆ ಹೋದದ್ದೂ ಪುಣ್ಯ ಎಂದರು ಡಾಕ್ಟರು. ನಾನು ಊರಿಗೆ ಬಂದು ಜಗಲಿಯ ಮೇಲೆ ಕೂತು ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ಗ್ಲೂಕೋಸ್ ಎಂದರೇನು ಎಂಬಲ್ಲಿಂದ ಶುರುಮಾಡಿದೆ. ಜನ ಸುಮ್ಮನೆ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ನನ್ನ ಕಡೆಯಿಂದ ದೊಡ್ಡವ್ವನ ಕಡೆಗೆ ತಿರುಗಿ, "ಅಲ್ಲೇನಿತ್ತವ್ವ?" ಎಂದು ಕೇಳಿದರು.

ಆಗ ಶುರುವಾದ ಪ್ರಶ್ನೆ ಎರಡು ಮೂರು ವಾರ ನಿಲ್ಲಲಿಲ್ಲ. ಅಕ್ಕಪಕ್ಕದ ಹಳ್ಳಿಯವರು ಬಂದರು. ಕೆಲವರು ಬಾಳೆಹಣ್ಣು ತಂದರು, ಶುಗರ್ ಇದೆ ಎಂದು ಗೊತ್ತಿದ್ದವರು ಸೌತೆಕಾಯಿ ತಂದರು. ಬೆಳಕು ಕಂಡಿತಾ, ನದಿ ಇತ್ತಾ, ಕೋಣದ ಗಂಟೆ ಕೇಳಿಸಿತಾ, ದೊಡ್ಡಪ್ಪ ಸಿಕ್ಕಿದರಾ. ದೊಡ್ಡವ್ವ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಏನೂ ಇರ್ನಿಲ್ಲ."

"ಕತ್ತಲಾದ್ರೂ ಇತ್ತೇನವ್ವ?"

"ಅದೂ ಇರ್ನಿಲ್ಲ."

ಬಂದವರ ಮುಖ ಸಣ್ಣಗಾಗುತ್ತಿತ್ತು. ಬಸ್ ಚಾರ್ಜು ಕೊಟ್ಟು ಬಂದು ಇಷ್ಟೇ ಕೇಳಿಸಿಕೊಂಡು ಹೋಗುವುದು ಯಾರಿಗಾದರೂ ಕಷ್ಟ. ಒಬ್ಬಾಕೆ "ಒಸಿ ಗ್ಯಾಪಕ ಮಾಡ್ಕಳವ್ವ" ಎಂದು ಅರ್ಧ ದಿನ ಕಾದು ಕೂತಿದ್ದಳು.

ಅವರನ್ನು ದೂರುವ ಹಾಗಿಲ್ಲ. ನಾನು ಬೆಳೆದದ್ದೂ ಇಂಥ ಉತ್ತರಗಳಿಗಾಗಿ ಕಾಯುವ ಮನೆಯಲ್ಲೇ. ನಮ್ಮಪ್ಪನ ಊರಿನಲ್ಲಿ ನಮ್ಮಜ್ಜ ಸತ್ತಾಗ, ಅವನ ಜೀವ ಏನಾಗಿ ಹುಟ್ಟುತ್ತದೆಂದು ತಿಳಿಯಲು ಅವನು ಮಲಗುತ್ತಿದ್ದ ಜಾಗದಲ್ಲಿ ಬೂದಿಯನ್ನು ತೆಳ್ಳಗೆ ಹರಡಿ, ಮೇಲೊಂದು ಕುಕ್ಕೆ ಮುಚ್ಚಿದರು. ಬೆಳಿಗ್ಗೆ ತೆಗೆದು ನೋಡಿದರೆ ಹಕ್ಕಿಯ ಹೆಜ್ಜೆ ಇತ್ತು. ಅಜ್ಜ ಪಕ್ಷಿಯಾದ ಎಂದು ಎಲ್ಲರೂ ಕೈಮುಗಿದರು. ಹಿಂದಿನ ಸಂಜೆ ಒಂದು ಕೋಳಿ ಲೆಕ್ಕಕ್ಕೆ ಸಿಗದೆ ಹೋಗಿತ್ತು, ಕುಕ್ಕೆ ತೆಗೆದಾಗ ಅದು ಅಲ್ಲಿಂದಲೇ ಹೊರಗೆ ಬಂತು ಎಂಬುದನ್ನು ಕಂಡವಳು ನನ್ನ ತಾಯಿ ಒಬ್ಬಳೇ. ಆಕೆ ಹೊಸ ಸೊಸೆ, ಬಾಯಿ ಬಿಡಲಿಲ್ಲ. ಆದರೆ ಆ ಕೋಳಿಯನ್ನು ಕೊಯ್ಯಲೂ ಬಿಡಲಿಲ್ಲ. ಅಕಸ್ಮಾತ್ ನಿಜವಾಗಿದ್ದರೆ ಎಂಬ ಭಯ. ಅದು ನಮ್ಮ ಮನೆಯಲ್ಲಿ ವಯಸ್ಸಾಗಿ, ಒಂದು ಕಣ್ಣು ಕಾಣದೆ, ಮಾವನಷ್ಟೇ ಸೇವೆ ಮಾಡಿಸಿಕೊಂಡು ಸತ್ತಿತು. ನಾನು ಅದರ ಜೊತೆ ಆಡುವಾಗ ಬಹುವಚನ ಬಳಸುತ್ತಿದ್ದೆನಂತೆ.

ಆಮೇಲೆ ನಾನು ವಿಜ್ಞಾನ ಓದಿದೆ. ಶಕ್ತಿಯನ್ನು ನಾಶ ಮಾಡಲಾಗದು, ಅದು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ ಎಂದು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಹೇಳುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸಾರ್, ಸತ್ತ ಮೇಲೆ ನಮ್ಮ ತಲೆ ಒಳಗಿರೋದು ಯಾವ ರೂಪಕ್ಕೆ ಬದಲಾಗುತ್ತೆ?" ಎಂದು ಕೇಳುತ್ತಿದ್ದ. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಕೂರಿಸುತ್ತಿದ್ದೆ. ಒಮ್ಮೆ ಇದನ್ನು ನಮ್ಮ ಪಕ್ಕದ ಮನೆಯ ರಹಮತ್ ಸಾಬರ ಹತ್ತಿರ ಹೇಳಿದೆ. ಅವರು ರೇಷ್ಮೆ ನೂಲು ಬಿಚ್ಚುವವರು. "ನಮ್ದಲ್ಲಿ ಪರೀಕ್ಷೆಗೆ ಬರೋದೇ ಅದು ಮೇಷ್ಟ್ರೇ" ಎಂದರು. "ಮಣ್ಣು ಮಾಡಿ ಜನ ವಾಪಸ್ ಹೋದ್ಮೇಲೆ ಇಬ್ರು ಫರಿಸ್ತೆ, ಅಂದ್ರೆ ದೇವದೂತ್ರು, ಬರ್ತಾರೆ. ಮೂರು ಪ್ರಶ್ನೆ ಕೇಳ್ತಾರೆ." ಪ್ರಶ್ನೆಗಳು ಮೊದಲೇ ಗೊತ್ತಾ ಎಂದು ಕೇಳಿದೆ. "ಎಲ್ರಿಗೂ ಗೊತ್ತು. ಆದ್ರೆ ಬಾಯಿಪಾಠ ಮಾಡಿದ್ರೆ ನಡಿಯಲ್ಲ, ಬದುಕಿದ್ದಂಗೆ ಉತ್ತರ ಬರೋದು" ಎಂದರು. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಸರಿಯಾದ ಪರೀಕ್ಷಾ ಪದ್ಧತಿಯನ್ನು ನಾನು ಕೇಳಿರಲಿಲ್ಲ.

ಉಯ್ಯಂಬಳ್ಳಿಗೆ ವಾಪಸು ಬರುತ್ತೇನೆ. 'ಏನೂ ಇರಲಿಲ್ಲ' ಎಂಬ ಉತ್ತರವನ್ನು ಊರು ಹೆಚ್ಚು ದಿನ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಸಾವಿನ ಮನೆಗಳಲ್ಲಿ ಶಂಖ ಊದುವ ದಾಸಯ್ಯನವರು ಒಂದು ವಿವರಣೆ ಕೊಟ್ಟರು. ಶಂಖ ಹಿಡಿದು ಬಂದು ಊದದೆ ವಾಪಸು ಹೋದ ಅನುಭವ ಅವರಿಗೆ ಅದೇ ಮೊದಲಾದ್ದರಿಂದ, ವಿವರಣೆ ಕೊಡುವ ಹಕ್ಕೂ ಅವರಿಗಿತ್ತು.

"ಕರ್ಯಾಕೆ ಬಂದೋರು ಹೆಸ್ರು ತಪ್ಪಾಗಿ ಕರ್ಕಂಡೋಗವ್ರೆ" ಎಂದರು ದಾಸಯ್ಯ. "ಮರಳವಾಡೀಲಿ ಇನ್ನೊಬ್ರು ಹೊಂಬಾಳಮ್ಮ ಅವ್ರೆ. ಅವ್ರುನ್ನ ಕರ್ಕಬರಕ್ಕೆ ಚೀಟಿ ಕೊಟ್ಟಿದ್ದು. ಮೊದ್ಲು ಮರಳವಾಡಿ ಕನಕಪುರ ತಾಲ್ಲೂಕು. ಈಗ ಹಾರೋಹಳ್ಳಿ ತಾಲ್ಲೂಕಾಗೈತೆ. ಮ್ಯಾಲಿನ ಪಟ್ಟಿ ಹಳೇದು. ಬಂದೋರು ಕನಕಪುರ ತಾಲ್ಲೂಕೆಲ್ಲ ಹುಡುಕವ್ರೆ, ಇರೋ ಹೊಂಬಾಳಮ್ಮ ಇವ್ರೊಬ್ರೆಯ. ಎತ್ಕಂಡೋಗವ್ರೆ. ಅಲ್ಲೋಗಿ ನೋಡುದ್ರೆ ತಪ್ಪು. ವಾಪಸ್ ಬುಟ್ಟವ್ರೆ. ಒಳಿಕ್ ಬುಡದೆ ಬಾಗ್ಲಿಂದಾನೇ ಕಳ್ಸುದ್ರೆ ಇವ್ರಿಗೆ ಏನ್ ಕಾಣ್ತದೆ?"

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ತಾಲ್ಲೂಕಿನ ವಿಷಯ ಬಂದದ್ದರಿಂದ ಓದಿದವರಿಗೂ ಒಪ್ಪಿಗೆಯಾಯಿತು. ಗ್ಲೂಕೋಸಿನ ಕಥೆಗಿಂತ ಇದರಲ್ಲಿ ಆಧಾರಗಳು ಹೆಚ್ಚಿವೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಮರಳವಾಡಿಯ ಆ ಹೊಂಬಾಳಮ್ಮನ ಸೊಸೆ ಉಯ್ಯಂಬಳ್ಳಿಯ ಹೆಣ್ಣು. ತವರಿಗೆ ಬಂದವಳು ಈ ಸುದ್ದಿ ಕೇಳಿಕೊಂಡು ಹೋಗಿ, ಅತ್ತೆಗೆ ಹೇಳಬಾರದೆಂದು ಎರಡು ದಿನ ತಡೆದು, ಮೂರನೇ ದಿನ ಹೇಳಿಬಿಟ್ಟಳು.

ಅದಾದ ಹತ್ತನೇ ದಿನಕ್ಕೆ ಆ ಹೊಂಬಾಳಮ್ಮನ ಮಗ ಮಾದೇಶ, ರೇಷ್ಮೆಗೂಡು ಸಾಗಿಸುವ ತನ್ನ ಓಮ್ನಿ ವ್ಯಾನಿನಲ್ಲಿ ಉಯ್ಯಂಬಳ್ಳಿಗೆ ಬಂದ. ದೊಡ್ಡವ್ವನ ಆರೋಗ್ಯ ನೋಡಲು ನಾನೂ ಅಂದು ಅಲ್ಲಿಗೆ ಹೋಗಿದ್ದೆ. ಮಾದೇಶ ನಲವತ್ತೈದರ ಗಟ್ಟಿ ಆಳು. ಜಗಲಿಯ ಅಂಚಿನಲ್ಲಿ ಕೂತು ಟವಲಿನಿಂದ ಮುಖ ಒರೆಸಿಕೊಂಡ.

"ನಮ್ಮವ್ವ ಅನ್ನ ಬುಟ್ಟು ಎಂಟು ದಿನ ಆಯ್ತು ಕಣವ್ವ" ಎಂದ. "ಒಸಿ ಮಜ್ಜಿಗೆ ಕುಡೀತದೆ, ಅಷ್ಟೆಯ. ಡಾಕ್ಟ್ರು ನೋಡುದ್ರು, ಕಾಯ್ಲೆ ಏನೂ ಇಲ್ಲ ಅಂದ್ರು. ಗೋಡೆ ಕಡೀಕ್ ತಿರುಗಿ ಮಲಗ್ಬುಟ್ಟದೆ. ನೀವು ಬಂದು ಒಂದು ಮಾತೇಳಿ. ನೀವು ಹೋಗಿ ಬಂದೋರು."

ದೊಡ್ಡವ್ವ ಅವನಿಗೆ ನೀರು ಕೊಡಿಸಿದಳು. ಆಮೇಲೆ "ಸೀರೆ ಬದಲಾಯಿಸ್ಕಂಡು ಬತ್ತೀನಿ" ಎಂದು ಒಳಗೆ ಹೋದಳು.

ಅಂದು ವ್ಯಾನಿನಲ್ಲಿ ನನಗೆ ಒಂದು ಚಿಂತೆ ಇತ್ತು. ಸಾವಿಗೆ ಹೆದರಿ ಮಲಗಿರುವ ಮುದುಕಿಯ ಹತ್ತಿರ ದೊಡ್ಡವ್ವ ಹೋಗಿ 'ಅಲ್ಲಿ ಏನೂ ಇಲ್ಲ' ಎಂದರೆ ಮಜ್ಜಿಗೆಯೂ ನಿಂತುಹೋಗಬಹುದು. "ದೊಡ್ಡವ್ವ, ಅಲ್ಲಿ ಚೆನ್ನಾಗಿದೆ ಅಂತ ಒಂದು ಮಾತು ಹೇಳು. ತೋಟ ಇತ್ತು, ತಣ್ಣಗಿತ್ತು, ಹಾಗೇನಾದರೂ" ಎಂದು ಕಿವಿಯಲ್ಲಿ ಹೇಳಿದೆ.

"ನಾನು ನೋಡಿಲ್ವಲ್ಲ" ಎಂದಳು.

"ನೋಡದೆ ಇದ್ದರೂ ಹೇಳಬಹುದು."

"ನೀನೇಳು. ನೀನು ಮೇಷ್ಟ್ರು."

ಮರಳವಾಡಿಯ ಮನೆ ಹೊಸದಾಗಿ ಕಟ್ಟಿಸಿದ್ದು, ನುಣುಪು ನೆಲ. ನಡುಮನೆಯ ಗೋಡೆಯಲ್ಲಿ ಮಾದೇಶನ ತಂದೆಯ ದೊಡ್ಡ ಫೋಟೋ. ಅದಕ್ಕೆ ಗಂಧದ ಹಾರ, ಸುತ್ತಲೂ ಮಿಣುಕುವ ಬಣ್ಣದ ಬಲ್ಬು. ಎತ್ತರದ ಆಳು, ದಪ್ಪ ಮೀಸೆ. ಅದರ ಎದುರು ಚಾಪೆಯ ಮೇಲೆ, ಆ ಫೋಟೋಗೆ ಬೆನ್ನು ಮಾಡಿ, ಒಂದು ಮುಷ್ಟಿಯಷ್ಟಾಗಿ ಮಲಗಿದ್ದವಳು ಇನ್ನೊಬ್ಬ ಹೊಂಬಾಳಮ್ಮ.

ದೊಡ್ಡವ್ವ ಮನೆಯವರನ್ನೆಲ್ಲ ಹೊರಗೆ ಕಳಿಸಿದಳು. ನಾನು ಬಾಗಿಲ ಬಳಿ ಕುರ್ಚಿಯಲ್ಲೇ ಉಳಿದೆ. ನನಗೆ ಹೋಗು ಎಂದು ಯಾರೂ ಹೇಳಲಿಲ್ಲ. ಮೇಷ್ಟರುಗಳನ್ನು ಎಷ್ಟೋ ಕಡೆ ಯಾರೂ ಗಮನಿಸುವುದಿಲ್ಲ, ಕೆಲವೊಮ್ಮೆ ಅದರಿಂದ ಅನುಕೂಲವೇ ಆಗುತ್ತದೆ. ದೊಡ್ಡವ್ವ ಚಾಪೆಯ ಪಕ್ಕ ನೆಲದ ಮೇಲೆ ಕೂತಳು.

"ನೀನೇನವ್ವ ಹೊಂಬಾಳಮ್ಮ?"

"ಊಂ" ಎಂದಿತು ಗೋಡೆಯ ಕಡೆಗಿದ್ದ ಮುಖ. "ನೀನ್ಯಾರು?"

"ನಾನೂ ಹೊಂಬಾಳಮ್ಮನೇ."

ಆಕೆ ನಿಧಾನವಾಗಿ ಈ ಕಡೆ ಹೊರಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಉಣ್ಣಾಕಿಲ್ವಂತೆ" ಎಂದಳು ದೊಡ್ಡವ್ವ.

"ನಿನ್ನ ಕರ್ಕಂಡೋದೋರು ಇನ್ನು ನನ್ನ ಕರ್ಯಾಕೆ ಬತ್ತಾರಂತಲ್ಲ."

"ನನ್ನ ಯಾರೂ ಕರ್ಕಂಡೋಗ್ನಿಲ್ಲ. ಶುಗರ್ ಕಮ್ಮಿಯಾಗಿತ್ತು."

ಆಕೆ ಮತ್ತೆ ಗೋಡೆಯ ಕಡೆ ಹೊರಳಲು ನೋಡಿದಳು. ಗ್ಲೂಕೋಸಿನ ವಿವರಣೆ ಮರಳವಾಡಿಯಲ್ಲೂ ನಡೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

"ಸಾಯಾಕೆ ಎದ್ರಿಕೆನಾ?" ಎಂದು ದೊಡ್ಡವ್ವ ಕೇಳಿದಳು.

"ಸಾಯಾಕೇನು ಎದ್ರಿಕೆ. ಎಪ್ಪತ್ತಾಯ್ತು." ಆಕೆ ಬಾಗಿಲ ಕಡೆ ನೋಡಿದಳು. ನಾನು ಫೋನು ನೋಡುತ್ತಿರುವವನಂತೆ ತಲೆ ತಗ್ಗಿಸಿದೆ. ಆಕೆ ದನಿ ಇಳಿಸಿದಳು. "ಅಲ್ಲಿ ಅವ್ರವ್ರೆ."

"ಯಾರು?"

"ನಮ್ಮೆಜಮಾನ್ರು."

ಫೋಟೋದ ಸುತ್ತ ಬಲ್ಬು ಕೆಂಪು, ಹಸಿರು, ಹಳದಿಯಾಗಿ ಮಿಣುಕುತ್ತಿತ್ತು. ದೊಡ್ಡವ್ವ ಅದರ ಕಡೆ ಒಮ್ಮೆ ನೋಡಿ ಮತ್ತೆ ಆಕೆಯ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕೇಳದೆ ಕೂತದ್ದಕ್ಕೇ ಇರಬೇಕು, ಆಕೆ ಹೇಳತೊಡಗಿದಳು.

"ನಲವತ್ತು ವರ್ಸ ನಾನು ಕೂತ್ಕಂಡು ಉಂಡಿಲ್ಲ ಕಣವ್ವ. ನಿಂತ್ಕಂಡೇ ಉಣ್ತಿದ್ದೆ. ಅವ್ರು ಕೂಗುದ್ರೆ ಏಳೋ ಒತ್ಗೆ ತಡ ಆಯ್ತದಲ್ಲ. ತಡ ಆದ್ರೆ ಏನು ಕೈಗೆ ಸಿಕ್ತೋ ಅದು. ಒಂದ್ಸಲ ಬಿಸಿ ಮುದ್ದೆ. ಒಂದ್ಸಲ ನೇಗಿಲ ಮೇಣಿ." ಆಕೆ ಸೆರಗು ಸರಿಸಿ ಮೊಣಕೈ ತೋರಿಸಿದಳು. ಕೈ ನೆಟ್ಟಗೆ ಇರಲಿಲ್ಲ. "ನನ್ ಮಗಂಗೆ ಗೊತ್ತಿಲ್ಲ. ಬಿದ್ದೆ ಅಂತ ಏಳಿದ್ದೆ. ಅವಂಗೆ ಅಪ್ಪ ಅಂದ್ರೆ ದೇವ್ರು. ಇರ್ಲಿ. ಅವ್ರು ಓಗಿ ಹನ್ನೆಲ್ಡು ವರ್ಸ. ಅವಾಗಿಂದ ಕೂತ್ಕಂಡು ಉಣ್ಣದು ಕಲ್ತಿದ್ದೀನಿ."

"ಹೂಂ" ಎಂದಳು ದೊಡ್ಡವ್ವ.

"ಸಾಯೋ ಹೊತ್ನಲ್ಲಿ ನನ್ನ ಕೈ ಹಿಡ್ಕಂಡು, ಮುಂದೋಗಿರ್ತೀನಿ, ನೀನು ಬಾ ಅಂದ್ರು. ಸುತ್ತ ಇದ್ದೋರೆಲ್ಲ ಅತ್ತುಬುಟ್ರು. ಎಂತಾ ಪ್ರೀತಿ ಅಂತ. ತಿಥಿ ದಿನಾನೂ ಅದ್ನೇ ಮಾತಾಡುದ್ರು." ಆಕೆ ಎದ್ದು ಕೂರಲು ಪ್ರಯತ್ನಿಸಿದಳು. ದೊಡ್ಡವ್ವ ಬೆನ್ನಿಗೆ ಕೈ ಕೊಟ್ಟಳು. "ನೀನೋಗಿದ್ಯಲ್ಲ. ನೋಡುದ್ಯಾ? ಎತ್ತರಕವ್ರೆ. ಕಿವೀಲಿ ಒಂಟಿ ಐತೆ. ಬಲಗಿವಿ ಒಸಿ ಅರ್ದೈತೆ."

ನಾನು ಫೋನಿನಿಂದ ತಲೆಯೆತ್ತಿದೆ. ಎಂಟು ದಿನದಿಂದ ಆ ಮನೆಯವರು, ಡಾಕ್ಟರು, ದಾರಿಯುದ್ದಕ್ಕೂ ನಾನು, ಎಲ್ಲರೂ ಆಕೆ ಸಾಯಲು ಹೆದರಿದ್ದಾಳೆ ಎಂದುಕೊಂಡಿದ್ದೆವು. ಅಲ್ಲಿ ತೋಟ ಇತ್ತು, ತಣ್ಣಗಿತ್ತು ಎಂದು ಹೇಳಲು ನಾನು ದೊಡ್ಡವ್ವನಿಗೆ ಹೇಳಿಕೊಟ್ಟಿದ್ದೆ. ಆ ತೋಟದಲ್ಲಿ ಯಾರು ಕಾಯುತ್ತ ಕೂತಿರುತ್ತಾರೆ ಎಂಬುದನ್ನು ಯೋಚಿಸಿರಲಿಲ್ಲ.

ದೊಡ್ಡವ್ವ ಯೋಚಿಸಿ ಉತ್ತರ ಕೊಟ್ಟಳು. ನೆನಪಿನ ಮೂಲೆಗಳನ್ನೆಲ್ಲ ಇನ್ನೊಮ್ಮೆ ಹುಡುಕಿ ಬಂದವಳ ಹಾಗಿತ್ತು ಮುಖ.

"ಇಲ್ಲ. ಯಾರೂ ಇರ್ನಿಲ್ಲ."

"ಒಳಗೆಲ್ಲಾದ್ರೂ ಇದ್ರೇನೋ. ನಿನ್ನ ಬಾಗ್ಲಿಂದಾನೇ ಕಳಿಸ್ಬುಟ್ರಂತಲ್ಲ."

"ಬಾಗ್ಲೂ ಇರ್ನಿಲ್ಲ, ಒಳಗೆ ಅಂತಾನೂ ಇರ್ನಿಲ್ಲ. ಕತ್ಲೂ ಇರ್ನಿಲ್ಲ. ನಾನೂ ಇರ್ನಿಲ್ಲ."

"ನೀನೂ ಇರ್ನಿಲ್ವಾ?"

"ಇರ್ನಿಲ್ಲ."

ಆಕೆ ಫೋಟೋದ ಕಡೆ ತಿರುಗಿ ನೋಡಿದಳು. ಹೊರಗೆ ಮಾದೇಶ ಯಾರಿಗೋ ಫೋನಿನಲ್ಲಿ ಗೂಡಿನ ರೇಟು ಕೇಳುತ್ತಿದ್ದ.

"ಅಂಗಾದ್ರೆ ಅವ್ರು ಕೂಗುದ್ರೆ?"

"ಕೂಗಾಕೆ ಅವ್ರಿರ್ಬೇಕಲ್ಲ. ಕೂಗುದ್ರೂವೆ, ಓ ಅನ್ನಾಕೆ ನೀನಿರಾಕಿಲ್ಲ."

"ಆಣೆಗೂ?"

"ನಾನು ಆಣೆ ಇಡಾಕಿಲ್ಲ. ಇರ್ನಿಲ್ಲ ಅಂದ್ರೆ ಇರ್ನಿಲ್ಲ."

ಉಯ್ಯಂಬಳ್ಳಿಯ ಜಗಲಿಯ ಮೇಲೆ ಕೂತು ಇದೇ ಮಾತು ಕೇಳಿದವರೆಲ್ಲ ಮುಖ ಸಣ್ಣಗೆ ಮಾಡಿಕೊಂಡು ಹೋಗಿದ್ದರು. ಮರಳವಾಡಿಯ ಹೊಂಬಾಳಮ್ಮ ತಲೆಗೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸವರಿ ಗಂಟು ಹಾಕಿಕೊಂಡಳು. ಆಮೇಲೆ ಹೊರಬಾಗಿಲ ಕಡೆ ತಿರುಗಿ, "ಏನ್ ಸಾರು ಮಾಡಿದ್ದೀಯವ್ವ?" ಎಂದು ಸೊಸೆಯನ್ನು ಕೇಳಿದಳು.

ಹುರುಳಿಕಾಳಿನ ಬಸ್ಸಾರು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಮುದ್ದೆ ಉಂಡರು. ಆಕೆಗೆ ಎಂಟು ದಿನದ ಖಾಲಿ ಹೊಟ್ಟೆ, ಸ್ವಲ್ಪವೇ ಹಾಕು ಎಂದು ದೊಡ್ಡವ್ವ ಸೊಸೆಗೆ ಹೇಳುತ್ತಿದ್ದಳು. ಮಾದೇಶ ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡ. "ಏನೇಳುದ್ರವ್ವ?" ಎಂದು ದೊಡ್ಡವ್ವನನ್ನು ಕೇಳಿದ.

"ಇದ್ದುದ್ದೇಳ್ದೆ."

ಅವನು ಹೋಗಿ ತಂದೆಯ ಫೋಟೋಗೆ ಕೈಮುಗಿದ. "ಎಲ್ಲ ಅಪ್ಪಯ್ಯನ ಆಶೀರ್ವಾದ" ಎಂದ. ಇಬ್ಬರು ಹೊಂಬಾಳಮ್ಮಂದಿರೂ ತಲೆಯೆತ್ತದೆ ಮುದ್ದೆ ಮುರಿದುಕೊಂಡರು.

ಆಕೆ ಈಗಲೂ ಇದ್ದಾಳೆ. ಹಾಲಿನ ಡೈರಿಗೆ ತಾನೇ ಹಾಲು ತೆಗೆದುಕೊಂಡು ಹೋಗಿ ಹಾಕುವಷ್ಟು ಚೆನ್ನಾಗಿದ್ದಾಳೆ. ದಾಸಯ್ಯನವರು ಮಾತ್ರ, ಪಟ್ಟಿ ಇನ್ನೂ ತಿದ್ದುಪಡಿಯಾಗಿಲ್ಲ ಎಂದು ಹೇಳುತ್ತಿದ್ದಾರೆ.

ಅಂದು ಮಾದೇಶ ನಮ್ಮನ್ನು ಕನಕಪುರದ ಬಸ್‌ಸ್ಟ್ಯಾಂಡಿನವರೆಗೆ ತಂದು ಬಿಟ್ಟ. ಉಯ್ಯಂಬಳ್ಳಿ ಬಸ್ಸಿಗೆ ಇನ್ನೂ ಸಮಯವಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಸುಮ್ಮನಿರಬಹುದಿತ್ತು. ಆದರೆ ಮೂವತ್ತು ವರ್ಷ ಹುಡುಗರನ್ನು ಕೂರಿಸಿದ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಪಕ್ಕದಲ್ಲೇ ಕೂತಿರುವಾಗ ಸುಮ್ಮನಿರುವುದು ಕಷ್ಟ.

"ದೊಡ್ಡವ್ವ, ನಿಜವಾಗಲೂ ಏನೂ ಇರಲಿಲ್ಲವಾ? ಅಥವಾ ಜನರ ಕಾಟ ತಪ್ಪಲಿ ಅಂತ ಹಾಗೆ ಹೇಳ್ತಿದ್ದೀಯಾ?"

"ಇರ್ನಿಲ್ಲ ಕಣಪ್ಪ" ಎಂದಳು. ಕಡಲೆಕಾಯಿ ಮಾರುವವನು ನಮ್ಮ ಮುಂದೆ ಬಂದು ನಿಂತು, ನಾವು ಕೊಳ್ಳುವವರಲ್ಲ ಎಂದು ತಿಳಿದು ಮುಂದೆ ಹೋದ. "ಎಚ್ರ ಆದಾಗ ಮೊದ್ಲು ಅದ್ನೇ ಯೋಚ್ನೆ ಮಾಡ್ದೆ. ಎಲ್ಲಿಗೋಗಿದ್ದೆ, ಏನು ನೋಡ್ದೆ ಅಂತ. ಮಾತ್ರೆಯಿಂದ ಎಚ್ರ ತಪ್ಪಿದ್ದು ಅಂತ ನೀವೆಲ್ಲ ಆಮೇಲೇಳುದ್ರಿ. ನಂಗೆ ಅವಾಗ್ಲೇ ಗೊತ್ತಾಗಿತ್ತು, ಏನೂ ಇಲ್ಲ ಅಂತ." ಆಮೇಲೆ ಬಸ್ಸು ಬರುವ ದಿಕ್ಕನ್ನು ನೋಡುತ್ತ ಹೇಳಿದಳು. "ನಮ್ ಲಕ್ಷ್ಮಿ ಇರ್ತಾಳೆ ಅಂದ್ಕಂಡಿದ್ದೆ."

ಲಕ್ಷ್ಮಿ ದೊಡ್ಡವ್ವನ ಮೊದಲ ಮಗಳು. ಎಂಟು ವರ್ಷಕ್ಕೆ ಜ್ವರ ಬಂದು ಹೋದಳು. ಆಗ ನನಗೆ ಆರು. ಅವಳ ಎರಡು ಜಡೆ, ಕುಂಟೆಬಿಲ್ಲೆ ಆಡುವಾಗ ಅವಳು ಮೋಸ ಮಾಡುತ್ತಿದ್ದದ್ದು, ಇಷ್ಟು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ದೊಡ್ಡವ್ವನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿರಲಿಲ್ಲ. ಮರೆತಿದ್ದಾಳೆ ಎಂದೇ ತಿಳಿದಿದ್ದೆ. ಐವತ್ತು ವರ್ಷ ಆಕೆ ಒಂದು ಭೇಟಿಗೆ ಕಾದಿದ್ದಳು, ಆ ಬೆಳಿಗ್ಗೆ ಅದೂ ಹೋಗಿತ್ತು. ಅದಾದ ಮೇಲೂ ಮನೆಗೆ ಬಂದವರಿಗೆಲ್ಲ ಬೇಸರಿಸದೆ, ಸಿಡುಕದೆ, ಏನೂ ಇರಲಿಲ್ಲ, ಏನೂ ಇರಲಿಲ್ಲ ಎಂದು ಹೇಳುತ್ತ ಕೂತಿದ್ದಳು. ಅದೇ ಮಾತಿನಿಂದ ಈಗ ತಾನೇ ಇನ್ನೊಬ್ಬಳಿಗೆ ಊಟ ಮಾಡಿಸಿ ಬಂದಿದ್ದಳು. ಅಷ್ಟರಲ್ಲಿ ಬಸ್ಸು ಬಂತು. ದೊಡ್ಡವ್ವನಿಗೆ ಸೀಟು ಹಿಡಿಯಲು ನಾನು ಕಿಟಕಿಯಿಂದ ಟವಲು ಹಾಕಲು ಓಡಿದೆ.

ಅದೇ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ದೊಡ್ಡವ್ವ ನನ್ನನ್ನು ಕರೆದಿದ್ದಳು. ನಮ್ಮ ಕಡೆ ಅದು ಹಿರಿಯರ ಹಬ್ಬ. ಸತ್ತವರಿಗೆ ಎಡೆ ಇಡುವ ದಿನ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಂಜೇಶ ನಡುಮನೆಯನ್ನು ತೊಳೆದು, ಗೋಡೆಯ ಪಕ್ಕ ಹೊಸ ಪಂಚೆ, ಹೊಸ ಸೀರೆ ಇಟ್ಟು, ಮುಂದೆ ಬಾಳೆ ಎಲೆಗಳನ್ನು ಹಾಸಿದ. ದೊಡ್ಡಪ್ಪನಿಗೆ, ಅವರ ಅಪ್ಪ ಅಮ್ಮನಿಗೆ. ಸೊಸೆ ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ ಎಲ್ಲವನ್ನೂ ಬಡಿಸಿದಳು. ಕೊನೆಯಲ್ಲಿ ದೊಡ್ಡವ್ವ ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು ಬಂದು, ಆ ಸಾಲಿನ ತುದಿಯಲ್ಲಿ ಒಂದು ಸಣ್ಣ ಎಲೆ ಹಾಕಿದಳು. ಅದಕ್ಕೆ ಸಾರು ಹಾಕಲಿಲ್ಲ. ಅನ್ನ, ಮೊಸರು, ಎರಡು ಕಜ್ಜಾಯ ಇಟ್ಟಳು. ಪಕ್ಕದಲ್ಲಿ ಕೆಂಪು ರಿಬ್ಬನ್ನಿನ ಒಂದು ಸುರುಳಿ.

ನಾನು ಪಕ್ಕದಲ್ಲೇ ಊದುಬತ್ತಿ ಹಚ್ಚುತ್ತಿದ್ದೆ. "ಇದು ಯಾರಿಗೆ ದೊಡ್ಡವ್ವ?" ಎಂದೆ. ಗೊತ್ತಿದ್ದೂ ಕೇಳಿದೆ.

"ಲಕ್ಷ್ಮಿಗೆ."

"ಏನೂ ಇಲ್ಲ ಅಂದಿದ್ದೆ."

"ಹೂಂ. ಇಲ್ಲ" ಎಂದಳು. ಮೊಸರು ಎಲೆಯ ಅಂಚಿಗೆ ಹರಿಯುತ್ತಿತ್ತು. ಅನ್ನವನ್ನು ಬೆರಳಿನಿಂದ ಒತ್ತಿ ಅದಕ್ಕೊಂದು ಕಟ್ಟೆ ಕಟ್ಟಿದಳು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ನಂಜೇಶ ಬಾಗಿಲು ಎಳೆದ. ನಾವು ಅಂಗಳದಲ್ಲಿ ನಿಂತೆವು. ಸೊಸೆ, ನಂಜೇಶನ ಇಬ್ಬರು ಮಕ್ಕಳು, ನಾನು, ದೊಡ್ಡವ್ವ. ಬಾಡಿನ ಸಾರಿನ ವಾಸನೆಗೆ ಎಲ್ಲರಿಗೂ ಹಸಿವಾಗಿತ್ತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ತೆರೆಯುತ್ತಾರೆ. ನಂಜೇಶ ಹೋಗಿ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ.

"ತಡಿ ಮಗ, ಇನ್ನೊಸಿ ಹೊತ್ತು" ಎಂದಳು ದೊಡ್ಡವ್ವ. "ಅವ್ಳು ಉಣ್ಣದು ನಿಧಾನ."